ಹಪ್ಪಳ ಮಾಡುವ ಹವ್ಯಾಸ ನಂಬಿ ಕೆಲಸ ಬಿಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ಆಫೀಸ್ ಕೆಲಸ, ರಜೆ ಸಿಕ್ಕಾಗ ಹಪ್ಪಳ, ಸಂಡಿಗೆ ಮಾಡುವ ಹವ್ಯಾಸ, ತಿಂದವರೆಲ್ಲ "ಇದನ್ನೇ ಬಿಸಿನೆಸ್ ಮಾಡು" ಅಂತಾರೆ, ಕೆಲಸ ಬಿಡಲಾ ಅಂತ ಕೇಳಿದ್ದೀರಿ. ನಾನು ಉಡುಪಿಯವಳು. ಏಳು ವರ್ಷದಿಂದ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇನೆ. ಮಾಡಿ, ಖಂಡಿತ ಮಾಡಿ. ಆದರೆ ಈಗಲೇ ಕೆಲಸ ಬಿಡಬೇಡಿ. ಹಲಸು ಬಲಿಯುವಲ್ಲಿಂದ ಮುಂದಿನ ಹಲಸಿನ ತನಕ ಒಂದು ಸುತ್ತು ಪೂರ್ತಿ ಮಾಡಿ ನೋಡಿ.

ಹವ್ಯಾಸಕ್ಕೆ ಮಾಡುವಾಗ ಬಿಸಿಲು ಇದ್ದರೆ ಒಣಗಿಸುತ್ತೇವೆ, ಇಲ್ಲದಿದ್ದರೆ ಬಿಡುತ್ತೇವೆ. ಮಾರಾಟಕ್ಕೆ ಇಳಿದರೆ ಹಾಗಾಗುವುದಿಲ್ಲ. ನಮ್ಮ ಕಡೆ ಹಲಸು ಬಲಿಯುವುದು ಏಪ್ರಿಲ್ ಹೊತ್ತಿಗೆ. ಜೂನ್ ಬಂದರೆ ಮಳೆ. ನಡುವೆ ಸಿಗುವುದು ಆರೇಳು ವಾರ. ಆ ವರ್ಷ ಮಾರುವ ಹಪ್ಪಳವನ್ನೆಲ್ಲ ಅಷ್ಟರೊಳಗೆ ಮಾಡಿ, ಒಣಗಿಸಿ, ಡಬ್ಬಕ್ಕೆ ತುಂಬಿ ಆಗಬೇಕು.

ಎರಡನೇ ವರ್ಷ ನನಗೆ ಇದು ಸರಿಯಾಗಿ ಗೊತ್ತಾಯಿತು. ಮೇ ಕೊನೆಯಲ್ಲಿ ಮೂರು ದಿನ ಮೋಡ. ಅಂಗಳದಲ್ಲಿ ಚಾಪೆ ತುಂಬ ಹಪ್ಪಳ. ನಾಲ್ಕನೇ ದಿನ ಸ್ವಲ್ಪ ಬಿಸಿಲು ಬಂತು, ಒಣಗಿತು ಅಂದುಕೊಂಡು ಕಟ್ಟು ಕಟ್ಟಿ 40 ಕಟ್ಟು ಒಂದು ಅಂಗಡಿಗೆ ಕೊಟ್ಟೆ. ಹದಿನೈದು ದಿನದಲ್ಲಿ ಅಷ್ಟೂ ವಾಪಸ್ ಬಂತು. ಬಿಚ್ಚಿ ನೋಡಿದರೆ ಬೂಸ್ಟು. ಅವತ್ತು ಅತ್ತಿದ್ದೇನೆ. ಈಗ ಪ್ರತಿ ಚಾಪೆಯಿಂದ ಎರಡು ಮೂರು ಹಪ್ಪಳ ಮುರಿದು ನೋಡುತ್ತೇನೆ. ಟಪ್ ಅಂತ ಮುರಿಯಬೇಕು. ಬಾಗಿದರೆ ಆ ಚಾಪೆ ಇನ್ನೊಂದು ಬಿಸಿಲಿಗೆ.

ಕಾಯಿಯದ್ದೂ ಹಾಗೇ. ಬಲಿತಿರಬೇಕು, ಹಣ್ಣಾಗಿರಬಾರದು. ಸೊಳೆಗೆ ಸ್ವಲ್ಪ ಸಿಹಿ ಬಂದಿದ್ದರೂ ಎಣ್ಣೆಗೆ ಬಿಟ್ಟ ಕೂಡಲೇ ಹಪ್ಪಳ ಕೆಂಪಾಗುತ್ತದೆ. ಮನೆಮಂದಿಯಾದರೆ ಹಾಗೇ ತಿಂದು ಮುಗಿಸುತ್ತಾರೆ, ದುಡ್ಡು ಕೊಟ್ಟವರು ಮತ್ತೆ ಬರುವುದಿಲ್ಲ. ಹಾಗಾಗಿ ಕಾಯಿ ಕೊಯ್ದಾಗೆಲ್ಲ ಒಂದು ಸೊಳೆ ಬಾಯಿಗೆ ಹಾಕಿ ನೋಡುತ್ತೇನೆ. ಬೇಯಿಸಿದ ಸೊಳೆಯನ್ನು ಬಿಸಿ ಇರುವಾಗಲೇ ಅರೆಯಬೇಕು. ಆರಿದರೆ ಹಿಟ್ಟು ಒಂದಾಗುವುದಿಲ್ಲ, ಒತ್ತುವಾಗ ಅಂಚು ಒಡೆಯುತ್ತದೆ. ಒಬ್ಬರು ಬೇಯಿಸುತ್ತಿರಬೇಕು, ಒಬ್ಬರು ಅರೆಯುತ್ತಿರಬೇಕು, ಇನ್ನೊಬ್ಬರು ಉಂಡೆ ಕಟ್ಟಿ ಒತ್ತುತ್ತಿರಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು.

ಅಲ್ಲಿಗೆ ಲೆಕ್ಕ ಶುರು. ನನ್ನ ಮೊದಲ ವರ್ಷದ ಪುಸ್ತಕ ಇನ್ನೂ ಇದೆ, ಅದರಿಂದಲೇ ಹೇಳುತ್ತೇನೆ. ಮೂವರು ಕೂತರೆ ದಿನಕ್ಕೆ 400 ಹಪ್ಪಳ, ಅಂದರೆ 25ರ ಕಟ್ಟು 16. ಕಟ್ಟಿಗೆ 90 ರೂಪಾಯಿಯಂತೆ 1,440. ಇಬ್ಬರ ಸಂಬಳ 900. ಹಲಸು, ಉಪ್ಪು, ಮೆಣಸು, ತೆಂಗಿನೆಣ್ಣೆ, ಗ್ಯಾಸ್ 220. ಕವರ್, ಲೇಬಲ್ 90. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ದುಡಿದ ನನಗೆ ಉಳಿದದ್ದು 230 ರೂಪಾಯಿ. ಅಂಗಡಿಗೆ ಕೊಟ್ಟರೆ ಅದರಲ್ಲೂ ಕಮಿಷನ್. ಹವ್ಯಾಸ ಅಂತ ಮಾಡುವಾಗ ನಮ್ಮ ಹೊತ್ತಿಗೆ ನಾವು ಬೆಲೆ ಕಟ್ಟುವುದೇ ಇಲ್ಲ, ಅಲ್ವಾ? ನಾನೂ ಕಟ್ಟಿರಲಿಲ್ಲ. ಮರುವರ್ಷ ಧೈರ್ಯ ಮಾಡಿ 120 ಮಾಡಿದೆ. ಖರ್ಚು ಅಷ್ಟೇ ಇತ್ತು, ಉಳಿಕೆ 710ಕ್ಕೆ ಏರಿತು. ಅಕ್ಕಪಕ್ಕದ ಕೆಲವರು "ಜಾಸ್ತಿಯಾಯಿತು" ಅಂತ ಬಿಟ್ಟರು. ಬೇಸರವಾಯಿತು, ಆದರೆ ರೇಟು ಇಳಿಸಲಿಲ್ಲ.

ನನ್ನನ್ನು ಉಳಿಸಿದ್ದು ಮುಂಬೈ, ಬೆಂಗಳೂರಿನಿಂದ ಮೇ ರಜೆಗೆ ಊರಿಗೆ ಬರುವವರು. ವಾಪಸ್ ಹೋಗುವಾಗ ಒಬ್ಬೊಬ್ಬರು ಐದಾರು ಕಟ್ಟು ಒಯ್ಯುತ್ತಾರೆ. ಮಳೆಗಾಲದಲ್ಲಿ ಅಲ್ಲಿಂದಲೇ ಫೋನ್ ಮಾಡಿ ಕೊರಿಯರ್ ಮಾಡಿ ಅಂತಾರೆ. ನಿಮ್ಮ ನೆಂಟರಲ್ಲೂ ಅಂಥವರು ಇರುತ್ತಾರೆ. ಮೊದಲು ಅವರಿಗೆ ಕೊಡಿ, ಆದರೆ ಸುಮ್ನೆ ಕೊಡಬೇಡಿ. ರೇಟು ಹೇಳಿ ಕೊಡಿ.

ಕಾಗದಪತ್ರ ಕಷ್ಟವಿಲ್ಲ. ನಾನು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ. ಆನ್‌ಲೈನಲ್ಲೇ ಆಗುತ್ತದೆ. ಸಿಗುವ 14 ಅಂಕೆಯ ನಂಬರನ್ನು ಲೇಬಲ್ ಮೇಲೆ ಹಾಕಬೇಕು. ತಯಾರಿಸಿದ ದಿನ, ತೂಕ, ಏನೇನು ಹಾಕಿದ್ದೀರಿ ಎಲ್ಲವೂ ಇರಲಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಲೆಕ್ಕ ಇಡುವುದು, ಸಾಲಕ್ಕೆ ಅರ್ಜಿ ಹಾಕುವುದು ಹೊಸದು ಅನಿಸಿದರೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ. ಸ್ವಂತ ಉದ್ಯೋಗಕ್ಕೆ ಇಳಿಯುವವರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ತರಬೇತಿ ಕೊಡುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು ಅದು.

ಇನ್ನೊಂದು ಮಾತು, ಸಂಬಳ ಬರುವವರಿಗೆ ಬೇಗ ಹೊಳೆಯದ್ದು. ಏಪ್ರಿಲ್, ಮೇಯಲ್ಲಿ ದುಡ್ಡು ಹೋಗುತ್ತದೆ. ಮಳೆಗಾಲದಲ್ಲಿ ಬರುತ್ತದೆ. ದೀಪಾವಳಿ ಹೊತ್ತಿಗೆ ನನ್ನ ಡಬ್ಬಗಳು ಖಾಲಿ. ಅಲ್ಲಿಂದ ಮುಂದಿನ ಹಲಸಿನ ತನಕ ಏನೂ ಇಲ್ಲ. ಈ ಖಾಲಿ ತಿಂಗಳುಗಳನ್ನು ದಾಟಿಸುವುದು ನನ್ನ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ. ಪಿಗ್ಮಿ ಹುಟ್ಟಿದ್ದು ನಮ್ಮ ಕಡೆಯೇ. ನೇಕಾರರಿಗೆ ನೆರವಾಗಲಿ ಅಂತ 1925ರಲ್ಲಿ ಉಡುಪಿಯಲ್ಲಿ ಶುರುವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಳ್ಳತೊಡಗಿತು. ನಾನು ಜೂನ್‌ನಿಂದ ದಿನಕ್ಕೆ 150 ರೂಪಾಯಿ ಸೊಸೈಟಿಯ ಪಿಗ್ಮಿಗೆ ಕಟ್ಟುತ್ತೇನೆ. ಕಲೆಕ್ಷನ್‌ನವರು ಮಳೆಯಲ್ಲೂ ಕೊಡೆ ಹಿಡಿದು ಬರುತ್ತಾರೆ.

ಈಗ ಮರದಲ್ಲಿ ಇನ್ನೂ ಗುಜ್ಜೆ, ಅಂದರೆ ಎಳೆ ಹಲಸು. ಬಲಿಯಲು ಎರಡು ತಿಂಗಳಾದರೂ ಬೇಕು. ಅಷ್ಟರಲ್ಲಿ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಿ, ಒಳ್ಳೆಯ ಬಕ್ಕೆ (ಗಟ್ಟಿ ಸೊಳೆಯ) ಹಲಸಿನ ಮರ ಇರುವ ಮನೆಯವರ ಹತ್ತಿರ ಮಾತಾಡಿಡಿ. ಆಫೀಸಿನ ರಜೆಗಳನ್ನು ಈಗ ಮುಗಿಸಬೇಡಿ. ಏಪ್ರಿಲ್, ಮೇಯಲ್ಲಿ ಒಂದೊಂದು ದಿನದ ಬಿಸಿಲೂ ನಿಮಗೆ ಬೇಕಾಗುತ್ತದೆ.