ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಳ್ಳುವುದು ಸರಿಯೇ, ತಪ್ಪೇ?

ಯಾತಕ್ಕೆ ಮಾಡಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಸುಟ್ಟ ಚರ್ಮ ಬಿಗಿದು ಗದ್ದ ಎದೆಗೆ ಅಂಟಿಕೊಂಡವರು ತಲೆ ಎತ್ತಲಾರರು. ಅಂಗುಳ ಸೀಳಿರುವ ಮಗುವಿಗೆ ಹಾಲು ಹೀರುವುದೇ ಕಷ್ಟ. ಇಂಥ ಕಡೆ ಸರ್ಜರಿ ಬೇಕೇ ಬೇಕು, ಚರ್ಚೆಯೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಎಂಬ ಶಸ್ತ್ರವೈದ್ಯ ಹೊಸ ಮುಖ ಕಟ್ಟಿಕೊಟ್ಟಿದ್ದೂ ಇದೇ ವಿದ್ಯೆಯಿಂದ.

ವಾದ ಶುರುವಾಗುವುದು ಬರೀ ಚೆಂದಕ್ಕೆ ಮಾಡಿಸುವಾಗ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕತ್ತರಿಸಿದ ಚರ್ಮ ಮೊದಲಿನಂತೆ ಬೆಳೆಯುವುದಿಲ್ಲ. ಆ ಜಾಗವನ್ನು ದೇಹ ಗಟ್ಟಿಯಾದ ಕಲೆಯಿಂದ ತುಂಬುತ್ತದೆ, ಆ ಕಲೆ ತಿಂಗಳುಗಟ್ಟಲೆ ಬಿಗಿಯುತ್ತಾ ಬದಲಾಗುತ್ತದೆ. ವೈದ್ಯರು ಅದನ್ನು ಕಿವಿಯ ಹಿಂದೆಯೋ ಚರ್ಮದ ಮಡಿಕೆಯಲ್ಲೋ ಮರೆಮಾಡಬಹುದು, ಇಲ್ಲದಂತೆ ಮಾಡಲಾಗದು. ಮೂಗಿಗೆ ಸರ್ಜರಿ ಮಾಡಿಸಿದರೆ ಅದರ ಅಂತಿಮ ಆಕಾರ ಗೊತ್ತಾಗಲು ಸುಮಾರು ಒಂದು ವರ್ಷ ಬೇಕು. ಸರಿಹೋಗಲಿಲ್ಲ ಅಂತ ಮತ್ತೆ ಕತ್ತರಿ ಹಾಕಿದರೆ ಕಷ್ಟ ಇನ್ನೂ ಜಾಸ್ತಿ, ಯಾಕೆಂದರೆ ಒಳಗೆಲ್ಲ ಕಲೆ ಅಂಟಿಕೊಂಡಿರುತ್ತದೆ. ಸೋಂಕು, ರಕ್ತಸ್ರಾವ, ಅರಿವಳಿಕೆಯ ಅಪಾಯ ಬೇರೆ.

ಹಾಗಂತ ಚೆಂದಕ್ಕೆ ಮಾಡಿಸುವುದೆಲ್ಲ ಸುಮ್ನೆ ಶೋಕಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಾಚಿದ ಕಿವಿಗೆ ಬಾಲ್ಯವಿಡೀ ಅಣಕ ಕೇಳಿದವರಿಗೆ ಅದು ನಿಜವಾದ ನೋವು. ಒಂದು ನಿರ್ದಿಷ್ಟ ತೊಂದರೆ, ಸ್ವಂತ ಇಷ್ಟ, ಹದವಾದ ನಿರೀಕ್ಷೆ ಇದ್ದವರಿಗೆ ಸಾಮಾನ್ಯವಾಗಿ ಸಮಾಧಾನ ಸಿಗುತ್ತದೆ. ಆದರೆ ಬೇರೆಯವರ ಕಣ್ಣಿಗೆ ಬೀಳದ ಕೊರತೆಯನ್ನೇ ಇಡೀ ದಿನ ಕನ್ನಡಿಯಲ್ಲಿ ಹುಡುಕುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಅವರಿಗೆ ಮೂಗು ಸರಿಯಾದರೂ ಕೊರಗು ಹೋಗುವುದಿಲ್ಲ, ಗದ್ದಕ್ಕೋ ಕೆನ್ನೆಗೋ ದಾಟುತ್ತದೆ.