2.0 ಟಿಎಫ್‌ಎಸ್‌ಐ: ಎಳೆತ ಇಲ್ಲ, ಪಿ0087 ಕೋಡ್
ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಳೆತ ಬಿದ್ದು ಪಿ0087 (ಇಂಧನ ಒತ್ತಡ ಕಡಿಮೆ ಎನ್ನುವ ದೋಷ ಕೋಡ್) ಬರುತ್ತಿದ್ದರೆ, 2007ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯ ಇಎ113 ಎಂಬ 2.0 ಟಿಎಫ್‌ಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಮೊದಲ ಅನುಮಾನ ಹೈ ಪ್ರೆಶರ್ ಪಂಪ್‌ನಡಿಯ ಕ್ಯಾಮ್ ಫಾಲೋವರ್ (ಕ್ಯಾಮ್‌ಶಾಫ್ಟ್ ಮತ್ತು ಪಂಪ್ ಪಿಸ್ಟನ್ ನಡುವಿನ ಸಣ್ಣ ಲೋಹದ ಬಟ್ಟಲು) ಮೇಲೆ. ಪಂಪೇ ಕೆಟ್ಟಿದ್ದರೂ ಇದೇ ಕೋಡ್, ಬಿಚ್ಚದೆ ಹೇಳಲಾಗದು.

ಎಂಜಿನ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ಒತ್ತಡ ಇಳಿಸಿ, ಪೈಪ್ ನಟ್ ಸುತ್ತ ಬಟ್ಟೆ ಹಿಡಿದೇ ಸಡಿಲಿಸಿ. ಪಂಪ್‌ನ ಮೂರು ಟಿ30 (ನಕ್ಷತ್ರಾಕಾರದ ಗುಳಿಯ) ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಚ್ಚಿ, ಒಳಗಿನ ಸ್ಪ್ರಿಂಗ್ ಪಂಪನ್ನು ತಳ್ಳುತ್ತಿರುತ್ತದೆ. ಫಾಲೋವರನ್ನು ಮ್ಯಾಗ್ನೆಟ್‌ನಿಂದ ಎತ್ತಿ, ಕ್ಯಾಮ್‌ಗೆ ತಾಗುವ ಮುಖ ನೋಡಿ. ಕಪ್ಪು ಲೇಪ ಸವೆದು ನಡುವೆ ಬೆಳ್ಳಿ ಹೊಳಪು ಕಂಡರೆ ಹೊಸದು ಹಾಕಿ. "ಇನ್ನೊಂದು ಸರ್ವಿಸ್‌ವರೆಗೆ ಓಡುತ್ತೆ" ಅನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ. ತೂತೇ ಬಿದ್ದಿದ್ದರೆ ಕ್ಯಾಮ್ ಲೋಬ್ (ಫಾಲೋವರನ್ನು ತಳ್ಳುವ ಉಬ್ಬು), ಪಂಪ್ ಪಿಸ್ಟನ್ ಎರಡನ್ನೂ ಪರೀಕ್ಷಿಸುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ಕೂರಿಸಿ, ಮುಂದೆ ಪ್ರತಿ ಆಯಿಲ್ ಬದಲಾವಣೆಗೂ ಒಮ್ಮೆ ತೆಗೆದು ನೋಡಿ.