ಮುಂದಿನ ಪೊಕೆಮಾನ್ ಆಟದಲ್ಲಿ ಗ್ರಾಫಿಕ್ಸ್ ಸುಧಾರಿಸಿದರೆ ಸಾಕೇ?

ಪೊಕೆಮಾನ್ ಸ್ಕಾರ್ಲೆಟ್ ಆಡಿ ಮುಗಿಸಿದ್ದೀರಿ, ಮುಂದಿನ ಮುಖ್ಯ ಆಟ ತಡವರಿಸದೆ ಓಡಿ, ನೋಡಲು ಚೆನ್ನಾಗಿದ್ದರೆ ಸಾಲದೇ, ಅಭಿಮಾನಿಗಳು ಇನ್ನೇನು ಬಯಸುತ್ತಾರೆ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅಷ್ಟು ಸಾಲದು, ಅದಕ್ಕೆ ಪುರಾವೆಯೂ ಸಿಕ್ಕಿದೆ. 2022ರ ನವೆಂಬರ್‌ನಲ್ಲಿ ಬಂದಾಗ ಸ್ಕಾರ್ಲೆಟ್–ವೈಲೆಟ್ (ಒಂದೇ ಆಟದ ಎರಡು ಆವೃತ್ತಿ) ಸೆಕೆಂಡಿಗೆ 30 ಫ್ರೇಮ್ ಉಳಿಸಿಕೊಳ್ಳಲೂ ಒದ್ದಾಡುತ್ತಿತ್ತು. 2025ರ ಜೂನ್‌ನಲ್ಲಿ ನಿಂಟೆಂಡೊದ ಗೇಮಿಂಗ್ ಯಂತ್ರ ಸ್ವಿಚ್ 2 ಬಂದಾಗ ಸಿಕ್ಕ ಉಚಿತ ಅಪ್‌ಡೇಟ್ ಅದನ್ನು 60ಕ್ಕೆ ಏರಿಸಿತು. ಈಗ ಆಟ ಸಲೀಸಾಗಿ ಓಡುತ್ತದೆ. ಆದರೂ ಅದರ ದೊಡ್ಡ ಕೊರತೆ ಇದ್ದಲ್ಲೇ ಇದೆ: ಎದುರಾಳಿಗಳ ಲೆವೆಲ್, ಅಂದರೆ ಅವರ ಪೊಕೆಮಾನ್‌ಗಳ ಬಲದ ಮಟ್ಟ.

ಎಂಟು ಜಿಮ್ (ಲೀಡರ್‌ನನ್ನು ಸೋಲಿಸಿ ಬ್ಯಾಡ್ಜ್ ಗೆಲ್ಲುವ ಜಾಗ), ಐದು ಟೈಟನ್ (ದೈತ್ಯ ಪೊಕೆಮಾನ್), ಟೀಮ್ ಸ್ಟಾರ್ ಎಂಬ ಪುಂಡ ಗುಂಪಿನ ಐದು ನೆಲೆ. ಯಾವುದಕ್ಕೆ ಬೇಕಾದರೂ ಮೊದಲು ಹೋಗಿ ಎನ್ನುತ್ತದೆ ಆಟ. ಹೋಗಬಹುದು, ನಿಜ. ಆದರೆ ಜಿಮ್ ಲೀಡರ್ ಕೇಟಿಯ ಅತಿ ಬಲಿಷ್ಠ ಪೊಕೆಮಾನ್ ಯಾವಾಗ ಹೋದರೂ ಲೆವೆಲ್ 15, ಇನ್ನೊಬ್ಬ ಲೀಡರ್ ಗ್ರೂಷಾನದು ಯಾವಾಗ ಹೋದರೂ 48. ಹಳೆಯ ನೇರ ದಾರಿಯೇ ಇದೆ, ಬೇಲಿ ಮಾತ್ರ ಕಿತ್ತಿದ್ದಾರೆ. ಪೂರ್ವದ ಕಡೆಯಿಂದ ಸುತ್ತಿ ಕೇಟಿಯನ್ನು ಕೊನೆಗೆ ನೋಡಿದರೆ ಒಂದೊಂದೇ ಏಟಿಗೆ ಅವಳ ಮೂರೂ ಪೊಕೆಮಾನ್ ಮಲಗುತ್ತವೆ.

ಲೆವೆಲ್ ಅಂತರ ಇಷ್ಟು ನಿರ್ಣಾಯಕವಾಗುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಏಟಿನ ಸೂತ್ರದಲ್ಲಿ ದಾಳಿ ಮಾಡುವ ಪೊಕೆಮಾನ್‌ನ ಲೆವೆಲನ್ನು 2ರಿಂದ ಗುಣಿಸಿ, 5ರಿಂದ ಭಾಗಿಸಿ, 2 ಕೂಡಿಸುತ್ತಾರೆ. ಲೆವೆಲ್ 15ಕ್ಕೆ ಅದು 8, ಲೆವೆಲ್ 48ಕ್ಕೆ 21. ಅಲ್ಲಿಗೆ ಮುಗಿಯುವುದಿಲ್ಲ. ಅಟ್ಯಾಕ್, ಡಿಫೆನ್ಸ್, ಎಚ್‌ಪಿ (ಜೀವಬಲ) ಕೂಡ ಲೆವೆಲ್ ಜೊತೆಗೇ ಬೆಳೆಯುತ್ತವೆ. ಹೀಗೆ ಒಂದೇ ಅಂತರ ಮೂರು ನಾಲ್ಕು ಕಡೆ ಲೆಕ್ಕಕ್ಕೆ ಬರುತ್ತದೆ. ಟೈಪ್ ನೋಡಿ ಬುದ್ಧಿ ಉಪಯೋಗಿಸಿದ್ದಕ್ಕೆ ಸಿಗುವುದು ಎರಡು ಪಟ್ಟು ಏಟು. ಇದರ ಮುಂದೆ ಅದು ಏನೂ ಅಲ್ಲ. ಬೆಂಕಿಗೆ ನೀರು, ನೀರಿಗೆ ಹುಲ್ಲು ಎಂದು ಯೋಚಿಸುವುದೇ ಈ ಸರಣಿಯ ಜೀವಾಳ, ಅದೇ ಬೆಲೆ ಕಳೆದುಕೊಳ್ಳುತ್ತದೆ.

ಹಾಗೆಂದು ಕೇಟಿಯ ಲೆವೆಲನ್ನು ಸುಮ್ಮನೆ 40ಕ್ಕೆ ಏರಿಸಿದರೂ ಆಗದು. ಅವಳ ಬಳಿ ಇರುವುದು ನಿಂಬಲ್, ಟರೌಂಟುಲಾ, ಟೆಡಿಯುರ್ಸಾ. ನಿಂಬಲ್ ಲೆವೆಲ್ 24ಕ್ಕೆ ವಿಕಾಸಗೊಂಡು ಲೋಕಿಕ್ಸ್ ಆಗಬೇಕು, ಟರೌಂಟುಲಾ 15ಕ್ಕೇ ಸ್ಪಿಡಾಪ್ಸ್ ಆಗಬೇಕು. 40ರ ನಿಂಬಲ್‌ಗೆ ಬಲ ಎಲ್ಲಿಂದ ಬರಬೇಕು? ನನಗೆ ಬೇಕಾದದ್ದು ಕೈಯಾರೆ ಕಟ್ಟಿದ ತಂಡಗಳು: ನಿಮ್ಮಲ್ಲಿ ಬ್ಯಾಡ್ಜ್ 0–1 ಇದ್ದಾಗ ಒಂದು, 2–3ಕ್ಕೆ ಇನ್ನೊಂದು, 4–5ಕ್ಕೆ, 6–7ಕ್ಕೆ ಬೇರೆ. ಎಂಟು ಲೀಡರ್‌ಗಳಿಗೆ ಒಟ್ಟು 32 ತಂಡ. ಇದು ದುಬಾರಿ ಕನಸೇನಲ್ಲ. ಕಥೆ ಮುಗಿದ ಮೇಲಿನ ಮರುಪಂದ್ಯಕ್ಕೆ ಪ್ರತಿ ಲೀಡರ್‌ಗೂ ಲೆವೆಲ್ 65ರ ಆಸುಪಾಸಿನ ಹೊಸ ತಂಡವನ್ನು ಈಗಾಗಲೇ ಕಟ್ಟಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಬಂದ ಇಂಡಿಗೊ ಡಿಸ್ಕ್ ಎಂಬ ಹೆಚ್ಚುವರಿ ಭಾಗದಲ್ಲಂತೂ ಎರಡೆರಡು ಪೊಕೆಮಾನ್ ಒಟ್ಟಿಗೆ ಕಾದಾಡುವ ಡಬಲ್ ಬ್ಯಾಟಲ್‌ಗಳು, ಕೈಯಲ್ಲಿ ಐಟಂ ಹಿಡಿದ ಪೊಕೆಮಾನ್‌ಗಳು, ಒಂದಕ್ಕೊಂದು ಹೊಂದುವ ಮೂವ್‌ಗಳು ಎಲ್ಲ ಇವೆ. ಕಟ್ಟಲು ಬರುತ್ತದೆ ಅವರಿಗೆ. ಮುಖ್ಯ ಕಥೆಯಲ್ಲಿ ಕಟ್ಟಿಲ್ಲ, ಅಷ್ಟೇ.

ಇನ್ನೊಂದು ಆಸೆ, ಕಷ್ಟದ ಮಟ್ಟ ಆರಿಸುವ ಅವಕಾಶ, ಅದೂ ಮೊದಲ ಪರದೆಯಲ್ಲೇ. 2012ರ ಬ್ಲ್ಯಾಕ್ 2ನಲ್ಲಿ ಚಾಲೆಂಜ್ ಮೋಡ್ ಇತ್ತು, ಆದರೆ ಆಟ ಮುಗಿಸಿದ ಮೇಲಷ್ಟೇ ಅದರ ಕೀ ಸಿಗುತ್ತಿತ್ತು. ಅದು ಬೇಕೆನಿಸುವುದು ಶುರುವಿನಲ್ಲಿ, ಕೊಟ್ಟದ್ದು ಕೊನೆಯಲ್ಲಿ. ಆಮೇಲೆ ಇದ್ದದ್ದೂ ಹೋಯಿತು. 2013ರ ಎಕ್ಸ್–ವೈನಲ್ಲಿ ಎಕ್ಸ್‌ಪಿ ಶೇರ್ (ಕಾದಾಡದ ಪೊಕೆಮಾನ್‌ಗಳಿಗೂ ಅನುಭವದ ಅಂಕ, ಅಂದರೆ ಎಕ್ಸ್‌ಪಿ ಹಂಚುವ ಸೌಲಭ್ಯ) ಆಫ್ ಮಾಡಬಹುದಿತ್ತು, 2019ರ ಸ್ವೋರ್ಡ್–ಶೀಲ್ಡ್‌ನಲ್ಲಿ ಆಗುವುದಿಲ್ಲ. ಸ್ಕಾರ್ಲೆಟ್–ವೈಲೆಟ್‌ನಲ್ಲಿ, ಎದುರಾಳಿ ಬಿದ್ದಾಗ ಪೊಕೆಮಾನ್ ಬದಲಿಸಲು ಬಿಡದ ಸೆಟ್ ಮೋಡನ್ನೂ ತೆಗೆದರು. ಚಿಕ್ಕ ಮಕ್ಕಳಿಗೆ ಸುಲಭವಾಗಿರಲಿ, ಖಂಡಿತ ಇರಲಿ. ಆ ಎರಡು ಆಯ್ಕೆಗಳನ್ನು ಮೆನುವಿನಲ್ಲಿ ಉಳಿಸಿದ್ದರೆ ಯಾವ ಮಗುವಿಗೂ ತೊಂದರೆಯಾಗುತ್ತಿರಲಿಲ್ಲ.

ಒಟ್ಟು 1025 ಪೊಕೆಮಾನ್‌ಗಳೂ ಒಂದೇ ಆಟದಲ್ಲಿರಬೇಕೆಂಬ ಹಟ ನನಗಿಲ್ಲ. ಸ್ವೋರ್ಡ್–ಶೀಲ್ಡ್ 400ರಿಂದ ಶುರುವಾಯಿತು, ಆ ಸಂಖ್ಯೆ ಸಾಕು. ಬದಲಿಗೆ ಸಮಯ ಕೊಡಲಿ. 2022ರ ಜನವರಿಯಲ್ಲಿ ಲೆಜೆಂಡ್ಸ್ ಆರ್ಸಿಯಸ್, ಅದೇ ನವೆಂಬರ್‌ನಲ್ಲಿ ಸ್ಕಾರ್ಲೆಟ್–ವೈಲೆಟ್ ಎಂಬ ಓಟದಲ್ಲಿ 32 ತಂಡಗಳನ್ನು ಆಡಿಸಿ ತೂಗಿ ನೋಡಲು ಪುರುಸೊತ್ತು ಸಿಗುವುದಿಲ್ಲ.

ಅಲ್ಲಿಯವರೆಗೆ ನೀವು ಮತ್ತೊಮ್ಮೆ ಆಡುವುದಾದರೆ ಆಟ ಹೇಳದೆ ಬಚ್ಚಿಟ್ಟ ಕ್ರಮವನ್ನೇ ಹಿಡಿಯಿರಿ (ಅಂಕಿ ಅವರವರ ಲೆವೆಲ್; ಕ್ಲಾಫ್, ಬಾಂಬರ್ಡಿಯರ್, ಆರ್ಥ್‌ವರ್ಮ್ ಟೈಟನ್‌ಗಳು; ಜಿಯಾಕೊಮೊ, ಮೇಲಾ, ಆಟಿಕಸ್, ಆರ್ಟೆಗಾ, ಏರಿ ಟೀಮ್ ಸ್ಟಾರ್‌ನವರು; ಉಳಿದವರು ಜಿಮ್ ಲೀಡರ್‌ಗಳು): ಕೇಟಿ 15, ಕ್ಲಾಫ್ 16, ಬ್ರಾಸಿಯಸ್ 17, ಬಾಂಬರ್ಡಿಯರ್ 20, ಜಿಯಾಕೊಮೊ 21, ಅಯೋನೊ 24, ಮೇಲಾ 27, ಆರ್ಥ್‌ವರ್ಮ್ 29, ಕೋಫು 30, ಆಟಿಕಸ್ 33, ಲ್ಯಾರಿ 36, ರೈಮ್ 42, ಟ್ಯೂಲಿಪ್ 45, ಗ್ರೂಷಾ 48. ಗ್ರೂಷಾಗಿಂತ ಮೊದಲು ಅಥವಾ ಅವನ ಬೆನ್ನಿಗೇ ಮರುಭೂಮಿಯ ಟೈಟನ್ (45) ಮುಗಿಸಿ, ಆರ್ಟೆಗಾ (51), ಏರಿ (56) ಮತ್ತು ಕೆರೆಯ ಟೈಟನ್ ಕೊನೆಗಿರಲಿ. ಎದುರಾಳಿ ಬಿದ್ದಾಗ ಪೊಕೆಮಾನ್ ಬದಲಿಸುತ್ತೀರಾ ಎಂಬ ಪ್ರಶ್ನೆಗೆ ಪ್ರತಿ ಸಲ ಬೇಡ ಎನ್ನಿ, ಅದೇ ಸೆಟ್ ಮೋಡ್. ಎಕ್ಸ್‌ಪಿ ತಂಡದ ಆರಕ್ಕೂ ಹಂಚಿಹೋಗುವುದರಿಂದ ಮುಂದಿನ ಎದುರಾಳಿಯ ಲೆವೆಲ್ ದಾಟಿದವನ್ನು ಬಾಕ್ಸ್‌ಗೆ (ತಂಡದಲ್ಲಿಲ್ಲದವನ್ನು ಇಡುವ ಜಾಗ) ಹಾಕಿ, ಹನ್ನೆರಡು ಪೊಕೆಮಾನ್‌ಗಳನ್ನು ಸರದಿಯಲ್ಲಿ ಬೆಳೆಸಿ. ಬಾಕ್ಸ್ ಮೆನುವಿನಿಂದಲೇ ತೆರೆಯುತ್ತದೆ. ಹೊಸದಾಗಿ ಹಿಡಿಯುವಾಗ ಮಾತ್ರ ಎಚ್ಚರ: ಬ್ಯಾಡ್ಜ್ ಇಲ್ಲದಾಗ 20ಕ್ಕಿಂತ ಮೇಲಿನ ಲೆವೆಲ್‌ನಲ್ಲಿ ಹಿಡಿದದ್ದು ಮಾತು ಕೇಳುವುದಿಲ್ಲ, ಆಮೇಲೆ ಏಳನೆಯ ಜಿಮ್ ಬ್ಯಾಡ್ಜಿನವರೆಗೆ ಆ ಮಿತಿ ಐದೈದು ಏರುತ್ತದೆ, ಎಂಟೂ ಸಿಕ್ಕರೆ ಮಿತಿಯೇ ಇಲ್ಲ.